ಅರ್ಧ ದಿನದ ಆನೆ

ನಟರಾಜನಿಗೆ ಬೇಕಾಗಿದ್ದದ್ದು ಅರ್ಧ ದಿನದ ರಜೆ. ಅದು ಸಿಗಲಿಲ್ಲ. ಹಾಗಾಗಿ ಕಡೆಗದ್ದೆಗೆ ಆನೆ ಬಂತು.

ಬೆಳಗೋಡಿನಿಂದ ಒಳಕ್ಕಿರುವ ಕಡೆಗದ್ದೆ ಕಾಫಿ ಎಸ್ಟೇಟಿನಲ್ಲಿ ನಟರಾಜ ರೈಟರ್. ಆಳುಗಳ ಹಾಜರಿ ಬರೆಯುವುದು, ಕುಯ್ದ ಹಣ್ಣು ತೂಗುವುದು, ಮ್ಯಾನೇಜರ್ ಬೈದರೆ ಕೇಳಿಸಿಕೊಳ್ಳುವುದು ಅವನ ಕೆಲಸ. ವಯಸ್ಸು ಮೂವತ್ತೈದು. ಐದು ವರ್ಷದಿಂದ ಹೆಣ್ಣು ನೋಡುತ್ತಿದ್ದಾನೆ. ಎಂಟು ಮನೆಯವರು ಉಪ್ಪಿಟ್ಟು ಕೊಟ್ಟು ಕಳಿಸಿದ್ದಾರೆ. ಒಂಬತ್ತನೆಯ ಸಂಬಂಧವನ್ನು ಸೋದರಮಾವ ತೋಟಪ್ಪ ಹುಡುಕಿದ್ದ. ಹುಡುಗಿಯ ಹೆಸರು ನಯನಾ. ಆಲೂರಿನಲ್ಲಿ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಅವಳ ಫೋಟೋ ನೋಡಿದ ದಿನ ನಟರಾಜ ಎಷ್ಟು ಖುಷಿಯಾಗಿದ್ದನೆಂದರೆ, ಕೆಲಸಕ್ಕೆ ಬಾರದವರಿಗೂ ಹಾಜರಿ ಹಾಕಿಬಿಟ್ಟಿದ್ದ.

"ಗುರುವಾರ ಹನ್ನೊಂದಕ್ಕೆ ಸರ್ಯಾಗಿ ಅವರ ಮನೇಲಿರ್ಬೇಕು ಕಣ್ಲಾ ನಟ. ಇದೊಂದು ತಪ್ಪಿಸ್ಕಂಡ್ಯೋ, ನಾನಿನ್ನು ನಿನ್ನ ಸುದ್ದಿಗೇ ಬರಕಿಲ್ಲ" ಎಂದು ತೋಟಪ್ಪ ಖಡಾಖಂಡಿತವಾಗಿ ಹೇಳಿದ್ದ.

ಮ್ಯಾನೇಜರ್ ಅದಕ್ಕಿಂತ ಖಡಾಖಂಡಿತ. "ಗಿಡದಲ್ಲಿ ಹಣ್ಣು ಉದುರ್ತಾ ಇದೆ. ಕುಯ್ಲು ಮುಗಿಯೋವರೆಗೂ ರಜೆ ಅನ್ನೋ ಮಾತೇ ಎತ್ತಬೇಡ."

ಆ ಸೀಮೆಯಲ್ಲಿ ಕುಯ್ಲು ನಿಲ್ಲಿಸುವ ಅಧಿಕಾರ ಇರುವುದು ಒಂದೇ ಪ್ರಾಣಿಗೆ. ಊರಿನ ವಾಟ್ಸಾಪ್ ಗ್ರೂಪಿಗೆ 'ಕಡೆಗದ್ದೆ ಸುದ್ದಿ' ಎಂದು ಹೆಸರು. ಯಾರ ಹಸು ತಪ್ಪಿಸಿಕೊಂಡಿತು, ಯಾರ ಮೋಟಾರ್ ಸುಟ್ಟಿತು, ಯಾರ ಮನೆಗೆ ನೆಂಟರು ಬಂದು ಇನ್ನೂ ಹೋಗಿಲ್ಲ, ಎಲ್ಲವೂ ಅದರಲ್ಲಿ ಬರುತ್ತಿತ್ತು. ಆದರೆ ಬೆಳಿಗ್ಗೆ ಏಳರವರೆಗೆ ಆನೆ ಸುದ್ದಿ ಬಿಟ್ಟು ಬೇರೇನೂ ಹಾಕುವಂತಿಲ್ಲ. ಆಲೂರಿನ ಬೆಳೆಗಾರರ ಸಂಘವೊಂದು ನಡೆಸುವ 'ಆನೆ ಡೆಸ್ಕ್' ಕೂಡ ಆ ಗ್ರೂಪಿನಲ್ಲಿತ್ತು. ಬಂದ ಸುದ್ದಿ ನಿಜವೋ ಅಲ್ಲವೋ ಅಂತ ವಿಚಾರಿಸಿ ಹಾಕುವುದು ಅವರ ಕೆಲಸ. ಆನೆ ಇದೆ ಎಂದ ದಿನ ತೋಟದ ಆ ಬ್ಲಾಕಿಗೆ ಯಾರೂ ಇಳಿಯುವುದಿಲ್ಲ. ಸುಳ್ಳು ಆನೆ ಹಾಕಿದವರನ್ನು ಒಂದು ವರ್ಷ ಗ್ರೂಪಿನಿಂದ ತೆಗೆಯುವುದೆಂದು ಊರವರೇ ಸೇರಿ ಕಟ್ಟಳೆ ಮಾಡಿದ್ದರು. ಹಾಗೆ ಹೊರಗಾದವನು ಆನೆ ಎಲ್ಲಿದೆ ಅಂತ ಆನೆಯನ್ನೇ ಕೇಳಿ ತಿಳಿಯಬೇಕು.

ಇದೆಲ್ಲ ಗೊತ್ತಿದ್ದೂ ನಟರಾಜ ಗುರುವಾರ ಬೆಳಿಗ್ಗೆ ಆರಕ್ಕೆ ಹಾಸಿಗೆಯಲ್ಲಿ ಕೂತುಕೊಂಡೇ ಬರೆದ: "ಕೆರೆ ಬ್ಲಾಕಿನಲ್ಲಿ ಒಂದು ಆನೆ ನೋಡಿದೆ. ಯಾರೂ ಕೆಲಸಕ್ಕೆ ಇಳಿಯಬೇಡಿ."

ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಜನ ಕೈ ಮುಗಿದ ಚಿತ್ರ ಹಾಕಿದರು. ಮ್ಯಾನೇಜರ್ ಫೋನ್ ಮಾಡಿ, "ಹಾಳಾಗಿ ಹೋಗಲಿ, ಇವತ್ತು ಕೆಲಸ ಬಂದ್" ಎಂದರು. ನಟರಾಜ ನೀಲಿ ಅಂಗಿಗೆ ಇಸ್ತ್ರಿ ಹಾಕಿದ.

ಎಂಟಕ್ಕೆ ಅವನು ಬಸ್ಸಿಗೆ ಬಂದು ನಿಂತಾಗ ಗುಂಡಯ್ಯನ ಹೋಟ್ಲಿನಲ್ಲಿ ಸಭೆ ಸೇರಿಯಾಗಿತ್ತು. ಗುಂಡಯ್ಯ ಗ್ರೂಪಿನ ಅಡ್ಮಿನ್. ಟೀ ಸೋಸುವಾಗಲೂ ಸುದ್ದಿ ಸೋಸುವವನ ಮುಖ ಮಾಡಿಕೊಂಡಿರುತ್ತಿದ್ದ. ಬೆಂಚಿನ ಮೇಲೆ ಕುಯ್ಲಿನ ಹೆಂಗಸರ ಮೇಸ್ತ್ರಿ ಮಾರಮ್ಮ ಕೂತಿದ್ದಳು.

"ಬಾರಯ್ಯ ನಟರಾಜ" ಎಂದ ಗುಂಡಯ್ಯ. "ಯಾವ್ದು ಬಂದಿದ್ದು? ಮುರುಕುಕೊಂಬನಾ, ಗಿಡ್ಡನಾ?"

"ಮಧ್ಯಮ ಇತ್ತು ಗುಂಡಯ್ಯಣ್ಣ."

"ಮಧ್ಯಮ ಅಂದ್ರೆ? ಅಂಗಡೀಲಿ ಬನೀನು ಕೇಳ್ತಾ ಇದೀಯಾ? ಕೊಂಬಿತ್ತಾ?"

"ಒಂದು ಕಾಣ್ತು."

"ಇನ್ನೊಂದು?"

"ಅದು ಆ ಕಡೆ ಇತ್ತು."

"ಮುಖ ಯಾವ ಕಡೆ ಮಾಡಿತ್ತು?"

"ನನ್ನ ಕಡೆಗೇ!" ಎಂದ ನಟರಾಜ, ಸ್ವಲ್ಪ ಭಯ ಸೇರಿಸಿ.

"ಮುಖ ನಿನ್ನ ಕಡೆ ಇದ್ರೆ ಎರಡು ಕೊಂಬೂ ಕಾಣ್ಬೇಕಲ್ಲ ಮಾರಾಯ!"

ಮಾರಮ್ಮ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿ, ನಟರಾಜನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಅಲ್ಲ ರೈಟ್ರೇ, ಆನೆ ನೋಡಕ್ಕೆ ಇಸ್ತ್ರಿ ಅಂಗಿ ಹಾಕ್ಕಂಡು ಹೋಗಿದ್ರಾ? ಸೆಂಟ್ ಬೇರೆ ಹೊಡ್ಕಂಡಿದೀರಿ. ಅದೇನ್ ಹೆಣ್ಣಾನೆನಾ?"

ಎಲ್ಲರೂ ನಕ್ಕರು. ನಟರಾಜ ರಸ್ತೆ ನೋಡಿದ. ಎಂಟೂವರೆಯ ಬಸ್ಸು ಬಂದರೆ ಸಾಕಿತ್ತು. ಎಂಟೂ ಮುಕ್ಕಾಲಾಯಿತು. ಒಂಬತ್ತಾಯಿತು.

"ಯಾರಿಗ್ ಕಾಯ್ತಾ ಇದೀಯ? ಬಸ್ಸಿಗಾ?" ಗುಂಡಯ್ಯ ಕೇಳಿದ. "ಬರಕಿಲ್ಲ ಅದು. ಆನೆ ಐತೆ ಅಂತ ಬೆಳಗೋಡಿಂದ್ಲೇ ತಿರುಗಿಸ್ಕಂಡು ಹೋದ್ರಂತೆ. ಆಟೋದೋರೂ ಬರಲ್ಲ ಅಂತ ಹಾಕವ್ರೆ. ನೀನೇ ಹಾಕಿರೋ ಸುದ್ದಿ, ನಿಂಗೇ ಗೊತ್ತಿಲ್ವಾ?"

ನಟರಾಜ ಬಿಟ್ಟ ಆನೆ ಅವನ ಬಸ್ಸನ್ನೇ ನುಂಗಿತ್ತು. ಯಾರದಾದರೂ ಬೈಕ್ ಕೇಳೋಣವೆಂದು ಬಾಯಿ ತೆರೆಯುವುದರಲ್ಲಿ ಹುಚ್ಚಣ್ಣನ ಬೈಕೇ ಬಂದು ಎದುರು ನಿಂತಿತು. ಹುಚ್ಚಣ್ಣ ಆನೆ ಕಾವಲಿನವನು. ಹೆಗಲಿಗೆ ಪಟಾಕಿ ಚೀಲ, ಕೈಯಲ್ಲಿ ಟಾರ್ಚು.

"ಯಾರು ನೋಡಿದ್ದು? ನೀನಾ? ಹತ್ತು, ಜಾಗ ತೋರ್ಸು."

"ನಾನೊಂಚೂರು ಆಲೂರಿಗೆ..."

"ಆನೆ ಬಿಟ್ಟು ಆಲೂರಿಗಾ?" ಗುಂಡಯ್ಯನ ಹುಬ್ಬು ಹಣೆಯ ಅರ್ಧಕ್ಕೆ ಏರಿತು. ಸೌಟು ಕೆಳಗಿಟ್ಟ. "ನಡಿ ಹುಚ್ಚಣ್ಣ, ನಾನೂ ಬತ್ತೀನಿ. ನಂಗ್ಯಾಕೋ ಇದು ಸರಿ ಕಾಣ್ತಾ ಇಲ್ಲ."

"ನಾನೂ ಬತ್ತೀನಿ. ನನ್ನ ಒಂದಿನದ ಕೂಲಿ ತಿಂದ ಆನೆ ಹೆಂಗೈತೆ ನೋಡ್ಬೇಕು" ಎಂದು ಮಾರಮ್ಮನೂ ಸೆರಗು ಬಿಗಿದಳು. ಆ ಮಾತು ನಟರಾಜನಿಗೆ ಮುಳ್ಳಿನಂತೆ ಚುಚ್ಚಿತು. ಹೆಂಗಸರ ಕೂಲಿಯ ಯೋಚನೆ ಬೆಳಿಗ್ಗೆ ಆರಕ್ಕೆ ಅವನ ತಲೆಗೆ ಬಂದೇ ಇರಲಿಲ್ಲ.

ಬೈಕನ್ನು ಅಲ್ಲೇ ಬಿಟ್ಟು ನಾಲ್ವರೂ ನಡೆದೇ ಹೋದರು. ಕೆರೆ ಬ್ಲಾಕಿನಲ್ಲಿ ಬೇಲಿ ನೆಟ್ಟಗಿತ್ತು. ಬಾಳೆ ಗೊನೆಗಳು ಗೊನೆಗಳಾಗಿಯೇ ತೂಗುತ್ತಿದ್ದವು. ಲದ್ದಿ ಇಲ್ಲ, ಮುರಿದ ಕೊಂಬೆ ಇಲ್ಲ. ಇಳಿಜಾರಿನಲ್ಲಿ ಜಾರಿ ಬಿದ್ದವನು ನಟರಾಜ ಒಬ್ಬನೇ; ನೀಲಿ ಅಂಗಿಯ ಬೆನ್ನು ಕೆಮ್ಮಣ್ಣಾಯಿತು.

"ಈ ಆನೆ ಏನು ಹಾರ್ಕಂಡು ಬಂತಾ?" ಎಂದ ಹುಚ್ಚಣ್ಣ.

ನಟರಾಜ ಬಿದ್ದಲ್ಲಿಂದಲೇ ಕಣ್ಣಾಡಿಸಿದ. ಗಿಡದ ಬುಡದಲ್ಲಿ ಒದ್ದೆ ಮಣ್ಣಿನ ಮೇಲೆ ದುಂಡನೆಯ ಗುರುತೊಂದು ಕಂಡಿತು. ದೇವರು ಕಂಡಂತಾಯಿತು. "ಅಗೋ! ಹೆಜ್ಜೆ! ಅಲ್ಲೊಂದು, ಇಲ್ಲೊಂದು!"

ಹುಚ್ಚಣ್ಣ ಬಗ್ಗಿ ನೋಡಿದ. ಗುಂಡಯ್ಯ ಕನ್ನಡಕ ಹಾಕಿಕೊಂಡು ನೋಡಿದ. ಮಾರಮ್ಮ ನೋಡುವ ಗೋಜಿಗೇ ಹೋಗದೆ ಪಕ್ಕದಲ್ಲಿದ್ದ ತನ್ನ ಹಣ್ಣಿನ ಬುಟ್ಟಿ ತಂದು ಆ ಗುರುತಿನ ಮೇಲೆ ಇಟ್ಟಳು. ಅಚ್ಚಿಗೆ ಇಟ್ಟ ಹಾಗೆ ಕೂತಿತು.

"ನಿನ್ನೆ ನಾನೇ ಬುಟ್ಟಿ ಇಟ್ಟಿದ್ದು ಕಣ್ರೀ. ಅಲ್ಲೊಂದ್ಸಲ, ಇಲ್ಲೊಂದ್ಸಲ."

ಮೂವರೂ ನಟರಾಜನನ್ನು ನೋಡಿದರು. ಗುಂಡಯ್ಯ ನಿಧಾನವಾಗಿ ಫೋನ್ ತೆಗೆದ. "ತಪ್ಪು ತಿಳ್ಕಬೇಡ ಕಣಯ್ಯ. ಕಟ್ಟಳೆ ಅಂದ್ರೆ ಕಟ್ಟಳೆ. ಒಂದು ವರ್ಷ ಗ್ರೂಪಿಂದ ಆಚೆಗೆ. ಮ್ಯಾನೇಜರಿಗೂ ಹೇಳ್ಬೇಕಾಯ್ತದೆ."

ಗ್ರೂಪು ಹೋದರೆ ಜೀವಕ್ಕೆ ಭಯ. ಕೆಲಸ ಹೋದರೆ ನಯನಾ ಇರಲಿ, ಹತ್ತನೆಯವಳೂ ಉಪ್ಪಿಟ್ಟು ಕೊಡುವುದಿಲ್ಲ. ನಿಜ ಹೇಳಿ ಕಾಲಿಗೆ ಬೀಳುವುದೇ ವಾಸಿ ಎಂದುಕೊಂಡು ನಟರಾಜ, "ಗುಂಡಯ್ಯಣ್ಣ, ಅದೇನಾಯ್ತು ಅಂದ್ರೆ..." ಎಂದು ಶುರು ಮಾಡಿದ.

ನಾಲ್ಕೂ ಫೋನುಗಳು ಒಟ್ಟಿಗೆ ಟಿಣ್ ಎಂದವು.

ಗುಂಡಯ್ಯ ಗಟ್ಟಿಯಾಗಿ ಓದಿದ. "ಆನೆ ಡೆಸ್ಕ್, ಆಲೂರು. ಖಚಿತ ಮಾಹಿತಿ. ಕಡೆಗದ್ದೆ ಕೆರೆ ಬ್ಲಾಕಿನಲ್ಲಿ ಒಂದಲ್ಲ, ಮೂರು ಆನೆಗಳಿವೆ. ಒಂದು ಸಲಗ, ಒಂದು ಹೆಣ್ಣು, ಒಂದು ಮರಿ. ಕಡೆಗದ್ದೆಯಿಂದ ಯಾರೂ ಆಲೂರಿನ ಕಡೆಗೆ ಹೊರಡಬಾರದು."

'ಮರಿ' ಎಂದು ಕೇಳುವಷ್ಟರಲ್ಲಿ ಹುಚ್ಚಣ್ಣ ಇಪ್ಪತ್ತು ಮಾರು ಮುಂದಿದ್ದ. ಮರಿ ಜೊತೆಗಿರುವ ಆನೆ ಪಟಾಕಿಗೆ ಹೆದರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಾರಮ್ಮ ಬುಟ್ಟಿ ಬಿಟ್ಟು ಓಡಿದಳು, ಗುಂಡಯ್ಯ ಚಪ್ಪಲಿ ಬಿಟ್ಟು ಓಡಿದ. ಎಲ್ಲರಿಗಿಂತ ಹೆಚ್ಚು ಹೆದರಿ ಓಡಿದವನು ನಟರಾಜ. ಉಳಿದವರಿಗೆ ಆನೆಯ ಭಯ ಮಾತ್ರ. ಅವನಿಗೆ, ತಾನು ಹುಟ್ಟಿಸಿದ ಆನೆ ಸಂಸಾರ ಸಮೇತ ಎಲ್ಲಿಂದ ಬಂತು ಎಂಬ ಭಯ. ಒಂದೊಂದು ಸಿಲ್ವರ್ ಓಕ್ ಮರದ ಬೊಡ್ಡೆಯೂ ಆನೆ ಕಾಲಿನಂತೆಯೇ ಕಾಣುತ್ತಿತ್ತು.

ನಾಲ್ವರೂ ಎಸ್ಟೇಟ್ ಸ್ಟೋರಿಗೆ ನುಗ್ಗಿ ಚಿಲಕ ಹಾಕಿಕೊಂಡು, ಕಾಫಿ ಮೂಟೆಗಳ ಮೇಲೆ ಕೂತರು.

"ತಪ್ಪಾಯ್ತು ಕಣಪ್ಪ" ಎಂದ ಗುಂಡಯ್ಯ, ಏದುಸಿರು ಬಿಡುತ್ತಾ. "ನಿನ್ನ ಮೇಲೆ ಅನುಮಾನ ಪಟ್ಬುಟ್ಟೆ."

"ನಂಗಿನ್ನೂ ಐತೆ" ಎಂದಳು ಮಾರಮ್ಮ.

ಹನ್ನೊಂದಾಯಿತು. ತೋಟಪ್ಪನ ಫೋನ್ ಬಂತು. ನಟರಾಜ ಮೂಟೆಗಳ ಸಂದಿಗೆ ಸರಿದು ಪಿಸುಗುಟ್ಟಿದ. "ಮಾವ, ಇಲ್ಲಿ ಆನೆ. ಆದ್ರೂ ಹೆಂಗಾದ್ರೂ ನಡ್ಕಂಡಾದ್ರೂ ಬತ್ತೀನಿ, ಒಂಚೂರು ತಡೀರಿ."

"ಬರಬ್ಯಾಡ. ಆ ಹುಡ್ಗಿನೇ ಅಂದ್ಲು, ಅವರ ಪ್ರಾಣ ಮುಖ್ಯ, ದಯವಿಟ್ಟು ಹೊರಡಬ್ಯಾಡಿ ಅನ್ನಿ ಅಂತ."

ನಟರಾಜನ ಎದೆ ತುಂಬಿ ಬಂತು. ನೋಡದ ಗಂಡಿನ ಮೇಲೆ ಇಷ್ಟು ಕಾಳಜಿ! "ಹಂಗಾದ್ರೆ ಭಾನುವಾರ ಬರ್ಲಾ ಮಾವ?"

"ಎಲ್ಲಿ ಭಾನುವಾರ? ಮೊದ್ಲ ದಿನಾನೇ ವಿಘ್ನ ಬಂತು, ಈ ಸಂಬಂಧ ಬ್ಯಾಡ ಅಂತ ಆ ಹುಡ್ಗಿ ಹಟ ಹಿಡಿದು ಕೂತವಳೆ. ಅವರಪ್ಪನೂ ಹೂಂ ಅಂದ್ಬುಟ್ರು."

"ಆನೆ ಅಂದ್ರೆ ಗಣಪತಿ ಅಲ್ವಾ ಮಾವ? ಅದ್ಹೆಂಗೆ ವಿಘ್ನ ಆಯ್ತದೆ?"

"ಒಂದಿದ್ರೆ ಗಣಪತಿ ಕಣ್ಲಾ. ಮೂರು ಬಂದ್ರೆ ವಿಘ್ನನೇಯ" ಎಂದು ತೋಟಪ್ಪ ಫೋನ್ ಇಟ್ಟ.

ನಟರಾಜ ಮೂಟೆಗೆ ಒರಗಿ ಕೂತ. ಒಂದು ಆನೆಗೆ ಅವನು ಜವಾಬ್ದಾರ. ಆ ಇನ್ನೆರಡು ಯಾರವು? ಅಷ್ಟರಲ್ಲಿ ಫೋನ್ ಮತ್ತೆ ಟಿಣ್ ಎಂದಿತು. ಈ ಸಲ ಅವನದೊಂದೇ. ಆನೆ ಡೆಸ್ಕಿನ ನಂಬರಿನಿಂದ, ಗ್ರೂಪಿಗಲ್ಲದೆ ಅವನಿಗೊಬ್ಬನಿಗೇ ಬಂದ ಮೆಸೇಜು.

"ಸರ್, ನಾನು ನಯನಾ. ಡೆಸ್ಕಿನಲ್ಲಿ ಕೂರೋದು ನಾನೇ, ಇವತ್ತು ಮನೆಯಿಂದಲೇ ಕೆಲಸ. ನಿಮ್ಮ ಕಡೆಯ ಆನೆಗಳಿಗೆಲ್ಲ ರೇಡಿಯೋ ಕಾಲರ್ ಹಾಕಿದೆ, ಎಲ್ಲಾ ದೂರದ ಮಾರನಹಳ್ಳಿ ಹತ್ತಿರ ಇವೆ ಅಂತ ಬೆಳಿಗ್ಗೆಯೇ ನೋಡಿದ್ದೆ. ನಮ್ಮ ಮನೆಗೆ ಬರೋದು ನಿಮಗೂ ಇಷ್ಟ ಇಲ್ಲ, ತಪ್ಪಿಸಿಕೊಳ್ಳೋಕೆ ಆನೆ ಹಾಕಿದ್ದೀರಿ ಅಂತ ಆಗಲೇ ಗೊತ್ತಾಯಿತು. ನನಗೂ ಇಷ್ಟ ಇರಲಿಲ್ಲ, ಅಪ್ಪನಿಗೆ ಹೇಳೋ ಧೈರ್ಯ ಇರಲಿಲ್ಲ. ಒಂದು ಆನೆ ಸಾಲದು ಅನ್ನಿಸಿ ಇನ್ನೆರಡು ಸೇರಿಸಿದೆ. ನೀವು ತುಂಬಾ ಒಳ್ಳೆಯವರು. ಮೂರು ಗಂಟೆಗೆ ಆನೆಗಳನ್ನು ಹಳ್ಳ ದಾಟಿಸಿಬಿಡ್ತೀನಿ. ವಿಷಯ ನಮ್ಮಿಬ್ಬರಲ್ಲೇ ಇರಲಿ."

ನಟರಾಜ ಬರೆಯಲು ಶುರು ಮಾಡಿದ: "ಮೇಡಂ, ನನಗೆ ಬರೋಕೆ ತುಂಬಾ ಇಷ್ಟ ಇತ್ತು. ರಜೆ ಸಿಗಲಿಲ್ಲ, ಅದಕ್ಕೇ..." ಅಲ್ಲಿಗೆ ನಿಲ್ಲಿಸಿ, ಅವಳ ಮೆಸೇಜನ್ನು ಇನ್ನೊಮ್ಮೆ ಓದಿದ. ಬರೆದದ್ದನ್ನೆಲ್ಲ ಅಳಿಸಿ, ಕೈ ಮುಗಿದ ಚಿತ್ರ ಒಂದನ್ನು ಕಳಿಸಿದ.

ಮ್ಯಾನೇಜರ್ ಫೋನ್ ಬಂತು. ದನಿಯಲ್ಲಿ ಎಂದೂ ಇಲ್ಲದ ಪ್ರೀತಿ. "ಭೇಷ್ ಕಣೋ ನಟರಾಜ! ನೀನಿಲ್ಲದಿದ್ದರೆ ಇವತ್ತು ನಲವತ್ತು ಜನ ಮರಿ ಇರೋ ಆನೆ ಕಾಲಡಿಗೆ ಬೀಳ್ತಿದ್ರು. ನಾಳೆಯಿಂದ ದಿನಾ ಐದೂವರೆಗೆ ಎದ್ದು, ಎಲ್ಲಾ ಬ್ಲಾಕು ಸುತ್ತಿ, ಆ ಡೆಸ್ಕಿಗೆ ನೀನೇ ವರದಿ ಹಾಕು. ಭಾನುವಾರನೂ."

"ಸರ್, ಇವತ್ತಿನ ಕೂಲಿ ಹೆಂಗಸರಿಗೆ..."

"ಆನೆ ಬಂದ ದಿನಕ್ಕೆಲ್ಲಿಯ ಕೂಲಿ?"

ಮೂರು ಗಂಟೆಗೆ ಸರಿಯಾಗಿ ಡೆಸ್ಕಿನ ಸುದ್ದಿ ಬಂತು. ಆನೆಗಳು ಹಳ್ಳ ದಾಟಿ ಹೋಗಿವೆ. ಹುಚ್ಚಣ್ಣ ಚಿಲಕ ತೆಗೆದ. ಗುಂಡಯ್ಯ ಚಪ್ಪಲಿ ಹುಡುಕಲು ಹೋದ. ಮಾರಮ್ಮ ಮಾತ್ರ ಬಾಗಿಲಲ್ಲಿ ನಿಂತು, ಕೆಮ್ಮಣ್ಣಿನ ಅಂಗಿ ಹಾಕಿಕೊಂಡು ಫೋನನ್ನೇ ನೋಡುತ್ತಿದ್ದ ರೈಟರನ್ನು ನೋಡಿದಳು.

"ಮೂರೂ ಹೋದ್ವಂತಾ ರೈಟ್ರೇ?"

"ಹೂಂ ಮಾರಮ್ಮ. ಹೋಗ್ಬುಟ್ವು."

"ಸಲಗಕ್ಕೆ ಜೋಡಿಯಾಗಿ ಬಂದಿತ್ತಲ್ಲ, ಆ ಹೆಣ್ಣೂ?"

"ಅದೇ ಮೊದ್ಲು ಹೋಯ್ತು."

"ಮರೀನೂ?"

ನಟರಾಜ ಫೋನನ್ನು ಜೇಬಿಗೆ ಹಾಕಿಕೊಂಡು ದೊಡ್ಡದಾಗಿ ಉಸಿರುಬಿಟ್ಟ.

"ಮರೀನೂ ಹೋಯ್ತು ಮಾರಮ್ಮ."