ಚಿಂತಾಮಣಿಗೆ ನನ್ನ ಸುರಕ್ಷಿತ ಪ್ರಯಾಣ

ನನಗೆ ಸಿಟ್ಟು ಜಾಸ್ತಿ ಅಂತ ಶಿಡ್ಲಘಟ್ಟದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶುದ್ಧ ಸುಳ್ಳು! ಜನ ನೆಟ್ಟಗೆ ಗಾಡಿ ಓಡಿಸಿದರೆ ನನ್ನಷ್ಟು ಸಾಧು ಮನುಷ್ಯ ಇನ್ನೊಬ್ಬನಿಲ್ಲ. ನಾನು ಹೈಸ್ಕೂಲ್ ಮೇಷ್ಟ್ರು. ಎಂಬತ್ತರ ದಶಕದ ಕೊನೆಯಲ್ಲಿ ಹಳೇ ಸ್ಕೂಟರೊಂದನ್ನು ಕೊಂಡಾಗ, ರಸ್ತೆ ಸುರಕ್ಷತೆಯ ಪುಸ್ತಕ ತಂದು ಪರೀಕ್ಷೆಗೆ ಓದುವ ಹಾಗೆ ಓದಿದೆ. ಮೂರು ಮಾತಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹೆಂಡತಿ ನೂರ್‌ಗೆ ಕೇಳಿಸಿದೆ. ಮುಂದಿನ ಗಾಡಿಯಿಂದ ಅಂತರ ಕಾಪಾಡಬೇಕು. ಬೇರೆಯವರೆಲ್ಲ ಯಾವಾಗ ಬೇಕಾದರೂ ತಪ್ಪು ಮಾಡಬಹುದು ಅಂತ ತಿಳಿದೇ ಓಡಿಸಬೇಕು. ಕೋಪ ಮಾಡಿಕೊಳ್ಳಬಾರದು.

"ಎರಡನೇದು ನಿಮಗೆ ಹುಟ್ಟಿನಿಂದಲೇ ಬರುತ್ತೆ," ಅಂದಳು ನೂರ್.

ಅವಳ ತಂಗಿಯನ್ನು ನೋಡಲು ಚಿಂತಾಮಣಿಗೆ ಗಂಡಿನ ಕಡೆಯವರು ಬರುವವರಿದ್ದರು. ಹನ್ನೊಂದು ಗಂಟೆಗೆ. ತಾಯಿಯಿಲ್ಲದ ಮನೆ; ಅಕ್ಕನೇ ಮುಂದೆ ನಿಲ್ಲಬೇಕು. "ಬಸ್ಸಲ್ಲಿ ಹೋಗಣ," ಅಂದಳು. ನಾನು ಪುಸ್ತಕ ತೋರಿಸಿದೆ. ಹೊರಟೆವು.

ಊರು ದಾಟಿದ ಕೂಡಲೇ ಮುಂದೆ ಹಿಪ್ಪುನೇರಳೆ ಸೊಪ್ಪಿನ ಗಾಡಿ. ನಿಯಮದ ಪ್ರಕಾರ ಅಂತರ ಬಿಟ್ಟೆ. ಆ ಜಾಗಕ್ಕೆ ಒಬ್ಬ ರೇಷ್ಮೆಗೂಡಿನ ಮೂಟೆಯ ಸೈಕಲ್ ತೂರಿಸಿದ! ಅವನಿಂದಲೂ ಅಂತರ ಬಿಟ್ಟೆ. ಅಲ್ಲಿಗೊಂದು ಜೀಪು ಬಂತು. ಜೀಪಿಗೂ ಬಿಟ್ಟೆ. ಅಲ್ಲಿಗೆ ಎತ್ತಿನಗಾಡಿಯೊಂದು ಬಂತು! ನನ್ನ ಹಲ್ಲು ಕಟಕಟ ಅನ್ನತೊಡಗಿತು.

"ರೀ, ಹೀಗೇ ಜಾಗ ಬಿಡ್ತಾ ಹೋದ್ರೆ ನಾವು ವಾಪಸ್ ಶಿಡ್ಲಘಟ್ಟಕ್ಕೆ ಹೋಗಿ ಮುಟ್ತೀವಿ," ಅಂದಳು ನೂರ್.

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ ಆಡುತ್ತೇವೆ, ಸುತ್ತಲಿನವರಿಗೂ ಅರ್ಥವಾಗಲಿ ಅಂತ. ಅವಳು ಕನ್ನಡಕ್ಕೆ ಇಳಿದಾಗಲೇ ನಾನು ಎಚ್ಚರವಾಗಬೇಕಿತ್ತು.

ಅಷ್ಟರಲ್ಲಿ ಹಿಂದಿನಿಂದ ಖಾಸಗಿ ಬಸ್ಸೊಂದು ಬಂತು. ಕಿವಿ ಹರಿಯುವ ಹಾರನ್! ನಾನು ಕೈ ತೋರಿಸಿದೆ, ತಲೆ ಆಡಿಸಿದೆ. ಅವನು ನಮ್ಮನ್ನು ಪಕ್ಕದ ಮಣ್ಣಿಗೆ ಇಳಿಸಿ, ಒಂದು ಮಣ ಧೂಳು ಎರಚಿ ಹೋದ. ತಿರುಗಿ ನೋಡಿದರೆ ನೂರ್‌ಳ ಕಪ್ಪು ಬುರ್ಖಾ ಕಾವಿ ಬಣ್ಣಕ್ಕೆ ತಿರುಗಿತ್ತು!

ಮೂರನೇ ನಿಯಮ ಅಲ್ಲೇ ಸತ್ತಿತು.

"ಅವನ ಲೈಸೆನ್ಸ್ ರದ್ದು ಮಾಡಿಸ್ತೀನಿ! ಕನಿಷ್ಠ ಶಿಸ್ತು ಬೇಡ್ವಾ? ನಾಗರಿಕತೆ ಬೇಡ್ವಾ?" ಅಂತ ಕೂಗುತ್ತಾ ಕಿವಿ ಹಿಂಡಿದೆ, ಸ್ಕೂಟರಿನದು. ಆ ಮುದಿ ಸ್ಕೂಟರು ಜನ್ಮದಲ್ಲಿ ಓಡದ ವೇಗದಲ್ಲಿ ಓಡಿತು. ಬಸ್ಸಿನ ಬಾಲಕ್ಕೆ ಎರಡು ಮಾರು ದೂರದಲ್ಲಿ ನಾನು!

"ರೀ, ನಿಧಾನ!"

"ಸುಮ್ನಿರು! ಇವತ್ತು ಅವನಿಗೆ ಸುರಕ್ಷತೆ ಅಂದ್ರೆ ಏನು ಅಂತ ಕಲಿಸ್ತೀನಿ!"

ಬಸ್ಸು ಚರಚರ ಅಂತ ಏನನ್ನೋ ತುಳಿದು ಮುಂದೆ ಹೋಯಿತು. ಬಾಲಕ್ಕೆ ಅಂಟಿದ್ದ ನನಗೆ ಅದು ಕಂಡಿದ್ದು ನಾನು ಅದರ ಮೇಲೆ ಬಂದಾಗಲೇ. ರಸ್ತೆ ತುಂಬಾ ಹುರುಳಿ ಗಿಡ! ಓಡಾಡುವ ಗಾಡಿಗಳ ಚಕ್ರವೇ ಕಾಳು ಬಿಡಿಸಲಿ ಅಂತ ಯಾರೋ ಹರಡಿದ್ದರು. ಬ್ರೇಕ್ ಒತ್ತಿದೆ. ಅದನ್ನೇ ಒತ್ತಬಾರದಿತ್ತು. ಸ್ಕೂಟರು ಮಲಗಿತು. ನೂರ್ ಬದಿಯ ಹೊಟ್ಟಿನ ರಾಶಿಯ ಮೇಲೆ ಮೆತ್ತಗೆ ಕೂತಳು. ನಾನು ಮಾತ್ರ ಮೊಣಕಾಲು, ಮೊಣಕೈ, ಪ್ಯಾಂಟು ಎಲ್ಲವನ್ನೂ ರಸ್ತೆಗೆ ಉಜ್ಜುತ್ತಾ ಹತ್ತಡಿ ಪ್ರಯಾಣ ಬೆಳೆಸಿದೆ.

ಮೊರ ಹಿಡಿದ ಮುದುಕಿಯೊಬ್ಬಳು ಓಡಿ ಬಂದಳು. ನೂರ್‌ಗೆ ಏನೂ ಆಗಿಲ್ಲ ಅಂತ ಗೊತ್ತಾಗಿದ್ದೇ ತಡ, ಕೂತಲ್ಲಿಂದಲೇ ಗುಡುಗಿದೆ: "ರಸ್ತೆ ಏನು ನಿಮ್ಮಪ್ಪಂದಾ?"

"ಏಮಯ್ಯಾ, ನಿಮ್ಮಪ್ಪಂದಾ?" ಮುದುಕಿ ಮೊರ ಎತ್ತಿದಳು. "ಬೆಳಗಿಂದ ಲಾರಿ ಹೋಯ್ತು, ಬಸ್ ಹೋಯ್ತು, ದನ ಹೋಯ್ತು. ಒಬ್ರೂ ಬೀಳಲಿಲ್ಲ. ಬಿದ್ದೋನು ನೀನೊಬ್ಬನೇ! ಏಳು, ಕಾಳಿನ ಮೇಲೆ ರಕ್ತ ಬೀಳ್ತಿದೆ."

ಮುದುಕಿಯ ಲೆಕ್ಕ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಬಸ್ಸು ಹಿಂದಕ್ಕೆ ಬಂತು. ಅದೇ ಬಸ್ಸು! ನನ್ನ ವೈರಿ ಡ್ರೈವರ್ ಕೆಳಗಿಳಿದು ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ಮಂದಿ ಸೇರಿ ಸ್ಕೂಟರನ್ನು ಬಸ್ಸಿನ ಟಾಪಿಗೆ ಏರಿಸಿದರು. ಅವನಿಗೆಂದು ಕಾಯ್ದಿಟ್ಟುಕೊಂಡಿದ್ದ ಬೈಗುಳವೆಲ್ಲ ದಂಡವಾಯಿತು.

"ಧೂಳೆರಚಿದ್ದು ನಂದೇ ತಪ್ಪು ಮೇಷ್ಟ್ರೇ," ಅಂದ ಅವನು, ನೀರು ಕೊಡುತ್ತಾ. "ಆದ್ರೂ ಬಸ್ಸಿನ ಹಿಂದೆ ಅಷ್ಟು ಹತ್ರ ಬರಬಾರದು. ಒಂಚೂರು ದೂರ ಬಿಡಬೇಕು."

ಇಡೀ ಬಸ್ಸು ತಲೆದೂಗಿತು. ಎಲ್ಲರಿಗಿಂತ ಜೋರಾಗಿ ತಲೆದೂಗಿದವಳು ನೂರ್.

ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಬಸ್ಸು ಚಿಂತಾಮಣಿ ಮುಟ್ಟಿತು. ನೂರ್ ಬುರ್ಖಾ ಕೊಡವಿಕೊಂಡು ತವರಿಗೆ ಓಡಿದಳು. ಅವಳ ತಂಗಿಯ ಸಂಬಂಧ ಅವತ್ತೇ ಕುದುರಿತು. ಭಾವ ಇಲ್ಲದ್ದರಿಂದ ಮಾತುಕತೆ ಬಹಳ ಶಾಂತವಾಗಿ ನಡೆಯಿತಂತೆ!

ಆ ಶಾಂತ ಹೊತ್ತಿನಲ್ಲಿ ನಾನು ಆಸ್ಪತ್ರೆಯಲ್ಲಿದ್ದೆ, ಹರಿದ ಪ್ಯಾಂಟನ್ನು ಕೈಯಲ್ಲಿ ಮುಚ್ಚಿಕೊಂಡು. ಕಾಂಪೌಂಡರ್ ಚೀಟಿ ಬರೆಯುತ್ತಾ ಕೇಳಿದ: "ಆಕ್ಸಿಡೆಂಟಾ ಸಾರ್? ಏನು ಗುದ್ದಿತು? ಲಾರಿನಾ, ಬಸ್ಸಾ?"

"ಹುರುಳಿ," ಅಂದೆ ಮೆಲ್ಲಗೆ.

"ಜೋರಾಗಿ ಹೇಳಿ ಸಾರ್."

"ಹುರುಳಿ ಕಣಯ್ಯಾ! ಹುರುಳಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಕಾಂಪೌಂಡರ್ ಒಂಚೂರೂ ನಗದೆ ಬರೆದುಕೊಂಡ. ಆಮೇಲೆ ಪೆನ್ನು ಎತ್ತಿ ಇನ್ನೊಂದು ಪ್ರಶ್ನೆ ಕೇಳಿದ:

"ಎದುರಿಗೆ ಬರ್ತಾ ಇತ್ತಾ ಸಾರ್, ಇಲ್ಲಾ ನಿಂತಿತ್ತಾ?"

"ಮಲಗಿತ್ತು," ಅಂದೆ.