ಮಾಮಾ ಮತ್ತು ಮಧುನಾಶಿನಿ

ನನ್ನ ಇಲಿಗಳನ್ನು ಕಂಡು ಹೊಟ್ಟೆಕಿಚ್ಚುಪಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಆತ ನನ್ನ ಸೋದರಮಾವ!

ವಿಜಯಪುರದ ಕಾಲೇಜೊಂದರಲ್ಲಿ ಆರು ವರ್ಷದಿಂದ ನನ್ನ ಸಂಶೋಧನೆ ನಡೆದಿದೆ. ಸಕ್ಕರೆ ಕಾಯಿಲೆಯ ಇಲಿಗಳಿಗೆ ಮಧುನಾಶಿನಿ ಎಲೆಯ ಸಾರ ಕುಡಿಸಿ, ಅದರ ಆಂಟಿಆಕ್ಸಿಡೆಂಟ್ ಗುಣ ಅವುಗಳನ್ನು ಎಷ್ಟು ಕಾಪಾಡುತ್ತದೆಂದು ಅಳೆಯುವ ಕೆಲಸ. ಮಾಮಾನಿಗೂ ಸಕ್ಕರೆ ಕಾಯಿಲೆ. ತಿಕೋಟಾದಿಂದ ಬೈಕ್ ಹತ್ತಿ ಬಂದು ಸಾರ ಕೇಳಿದ.

"ಇನ್ನಾ ಇಲಿ ಮ್ಯಾಲೆ ನೋಡಾಕತ್ತೇವಿ ಮಾಮಾ. ಮನಷ್ಯಾರಿಗೆ ಕೊಡಂಗಿಲ್ಲ" ಅಂದೆ.

"ಇಲಿ ನಿನಗ ಏನಾಗಬೇಕ ಬೇ? ನಾ ನಿಮ್ಮವ್ವನ ಬೆನ್ನಿಗೆ ಬಿದ್ದಾಂವ."

ಆದರೂ ನಾನು ಸಾರ ಕೊಡಲಿಲ್ಲ. ಮಾಮಾ ಹಿತ್ತಲಲ್ಲೇ ಬಳ್ಳಿ ಹಚ್ಚಿದ. ಎರಡು ಹೊತ್ತೂ ಎಲೆ ಅರೆದು ಕುಡಿದ. ಆಂಟಿಆಕ್ಸಿಡೆಂಟ್ ಎಂದರೆ ಅಪಘಾತ ತಡೆಯುವ ಔಷಧವೆಂದು ತಿಳಿದು ಹೆಲ್ಮೆಟ್ಟನ್ನೂ ಅಟ್ಟಕ್ಕೇರಿಸಿದ!

ಬಬಲೇಶ್ವರದಲ್ಲಿ ನಂಟರ ಮದುವೆ. ಮಧುನಾಶಿನಿ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯುವುದಿಲ್ಲ. ಮಾಮಾ ಊಟಕ್ಕೆ ಮೊದಲು ಒಂದು ಹಿಡಿ ಅಗಿದು, ನಾಲ್ಕು ಹೋಳಿಗೆ ಬಾರಿಸಿದ.

"ಸಾಕ ಮಾಡು ಮಾಮಾ, ಅದರಾಗ ಬೆಲ್ಲ ಐತಿ."

"ನಾಲಿಗಿಗೇ ಗೊತ್ತಾಗವಲ್ದು, ರಕ್ತಕ್ಕ ಹ್ಯಾಂಗ ಗೊತ್ತಾಗ್ತೈತಿ?"

ಈ ತರ್ಕಕ್ಕೆ ಮನಸೋತ ಪಂಕ್ತಿಯ ಇನ್ನಿಬ್ಬರು ಸಕ್ಕರೆ ಕಾಯಿಲೆಯವರು ಅವನ ಮುಂದೆ ಕೈಚಾಚಿ ಎಲೆ ಬೇಡಿದರು.

ಮರುವಾರ ಮಾಮಾ ಮನೆಯಲ್ಲೇ ತಲೆ ಸುತ್ತಿ ಬಿದ್ದ. ಆಸ್ಪತ್ರೆಗೆ ಓಡಿದೆ. ಸಕ್ಕರೆ ಮಿತಿಮೀರಿತ್ತು. ಮೂರು ತಿಂಗಳಿಂದ ಗುಳಿಗೆಯನ್ನೇ ಮುಟ್ಟಿಲ್ಲವೆಂದು ಡಾಕ್ಟರು ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು.

"ಎಲಿ ತಿನ್ನು ಅಂದಾವ್ರು ಯಾರು? ಗುಳಿಗಿ ಬಿಡು ಅಂದಾವ್ರು ಯಾರು?"

ಮಾಮಾ ಗೋಡೆಯ ಕಡೆ ಮುಖ ತಿರುಗಿಸಿದ. ಮಾಮಿ ಉತ್ತರಿಸಿದಳು: "ಮಂದಿ ನಿನ್ನ ಆಡಕೊಳ್ಳಾಕತ್ತಾರವ್ವಾ. ಆರು ವರ್ಸಾತು, ಇಲಿಗೆ ಕಷಾಯ ಕುಡಸೂದು ಇದ್ಯಾತರ ಓದು ಅಂತ. ಇವರಿಗೆ ಅದು ತಡಕೊಳ್ಳಾಕ ಆಗಲಿಲ್ಲ."

ಮಾಮಾ ಆ ಕಡೆ ನೋಡುತ್ತಲೇ ಮೆಲ್ಲಗೆ ಅಂದ: "ಗುಳಿಗಿ ನುಂಗಿ ಆರಾಮಾದ್ರ ಹೆಸರು ಗುಳಿಗಿಗೇ ಹೋಗ್ತೈತಿ. ನಮ್ಮ ಹುಡುಗಿ ಔಷಧದಿಂದ ಆರಾಮಾಗೇನಿ ಅಂತ ಹೇಳಾಕ ಒಬ್ಬರ ಬೇಕಲ್ಲ."

ಬಯ್ಯಲು ಇನ್ನೂ ಬಹಳವಿತ್ತು. ಅದೆಲ್ಲ ಬಿಟ್ಟು, ಡಾಕ್ಟರು ಕೊಟ್ಟ ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟು, ಅವನು ನುಂಗುವವರೆಗೂ ನೀರಿನ ಲೋಟ ಹಿಡಿದು ನಿಂತೆ.