ಬ್ರೇಕ್ ಮೇಷ್ಟ್ರ ಕೊನೆಯ ಆಸೆ

ತಾವು ಬದುಕಿನಲ್ಲಿ ಏನನ್ನೂ ಅನುಭವಿಸಿಲ್ಲ ಎಂಬ ಜ್ಞಾನೋದಯ ಬ್ರೇಕ್ ಮೇಷ್ಟ್ರಿಗೆ ಆದದ್ದು ಸಿಗ್ನಲ್ಲಿನ ಕೆಂಪು ದೀಪದ ಎದುರಿಗೆ. ಅವರದು ಕಾರು ಕಲಿಸುವ ಕಸುಬು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತಿರುತ್ತಾರೆ, ಪಕ್ಕದ ಸೀಟಿನಲ್ಲಿ ಮೇಷ್ಟ್ರು ಕೂತಿರುತ್ತಾರೆ, ಮೇಷ್ಟ್ರ ಕಾಲಬುಡದಲ್ಲಿ ಅವರಿಗೆಂದೇ ಇನ್ನೊಂದು ಬ್ರೇಕ್ ಇರುತ್ತದೆ. ಅರ್ಧ ಆಯುಷ್ಯ ಆ ಬ್ರೇಕಿನ ಮೇಲೇ ಕಳೆದದ್ದರಿಂದ ಊರಿಗೆ ಅವರ ಹೆಸರು ಎಂದೋ ಮರೆತುಹೋಗಿತ್ತು. (ಮನೆಯವರು ಮರೆತಿರಲಿಲ್ಲ, ಬಳಸುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.) ಆ ದಿನ ಸ್ಟೀರಿಂಗ್ ಹಿಡಿದಿದ್ದವಳು ಒಬ್ಬ ನರ್ಸು. ದೀಪ ಹಸಿರಾಗುವವರೆಗೂ ಬಾಯಿ ಸುಮ್ಮನಿರಬೇಕಲ್ಲ.

"ಸಾರ್, ನಮ್ಮ ವಾರ್ಡಿನಲ್ಲಿ ಕೊನೇ ಗಳಿಗೇಲಿ ಯಾರೂ ದೊಡ್ಡ ದೊಡ್ಡ ವಿಷಯಕ್ಕೆ ಕೊರಗಲ್ಲ. ಒಂದ್ಸಲ ಉಯ್ಯಾಲೆ ಆಡಬೇಕಿತ್ತು, ಒಂದ್ಸಲ ನೆಮ್ಮದಿಯಾಗಿ ನಿದ್ದೆ ಮಾಡಬೇಕಿತ್ತು, ಇಂಥದಕ್ಕೇ ಕೊರಗೋದು. ಕೈಕಾಲು ಗಟ್ಟಿ ಇರುವಾಗಲೇ ಒಂದು ಪಟ್ಟಿ ಮಾಡಿ ಎಲ್ಲ ಮುಗಿಸಿಬಿಡಬೇಕು ಸಾರ್."

"ದೀಪ ಹಸಿರಾಯ್ತು," ಎಂದರು ಮೇಷ್ಟ್ರು. ಆದರೆ ಮಾತು ಎದೆಗೆ ನಾಟಿಬಿಟ್ಟಿತ್ತು.

ಸಂಜೆ ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿತು. "ಇಹಲೋಕ ತ್ಯಜಿಸುವ ಮುನ್ನ ಪೂರೈಸತಕ್ಕ ಕಾರ್ಯಗಳು" ಎಂದು ಘನವಾದ ತಲೆಬರಹ. ಅದರ ಕೆಳಗಿದ್ದ ಕಾರ್ಯಗಳು ಅಷ್ಟೇನೂ ಘನವಾಗಿರಲಿಲ್ಲ. ಪಾರ್ಕಿನಲ್ಲಿ ಉಯ್ಯಾಲೆ ಆಡುವುದು. ಮೀಸೆ ಬೋಳಿಸಿ ನೋಡುವುದು. ಒಂದು ಹೊತ್ತಿನ ಅಡುಗೆಯನ್ನು ಸ್ವತಃ ಮಾಡುವುದು. ಇಡೀ ಒಂದು ದಿನ ಯಾರಿಗೂ ಬುದ್ಧಿ ಹೇಳದೆ ಇರುವುದು. ಕಡೆಗೆ, ದಪ್ಪ ಅಕ್ಷರಗಳಲ್ಲಿ, ಅಡಿಗೆರೆ ಸಮೇತ: ಬೇರೆಯವರು ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಹೊಡೆಯುವುದು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು.

"ಇಷ್ಟೇನಾ? ಜನ ಹಿಮದ ಬೆಟ್ಟ ಹತ್ತಬೇಕು ಅಂತಾರೆ, ಹಡಗಿನಲ್ಲಿ ಲೋಕ ಸುತ್ತಬೇಕು ಅಂತಾರೆ. ನೀವು ನಿದ್ದೆ ಮಾಡಬೇಕು ಅಂತೀರಿ."

"ಅದರ ಕಷ್ಟ ನಿನಗೇನು ಗೊತ್ತು."

"ನನಗಲ್ದೆ ಇನ್ಯಾರಿಗೆ ಗೊತ್ತು? ಮದುವೆ ಆದಾಗಿನಿಂದ ರಾತ್ರಿ ನಿಮ್ಮ ಬ್ರೇಕು ಬೀಳ್ತಿರೋದು ನನ್ನ ಕಾಲಿನ ಮೇಲೆ ತಾನೆ."

ಇದು ಉತ್ಪ್ರೇಕ್ಷೆಯಲ್ಲ. ಮೇಷ್ಟ್ರ ಬಲಗಾಲಿಗೆ ಹಗಲು ರಾತ್ರಿಗಳ ಭೇದವಿರಲಿಲ್ಲ. ಕನಸಿನಲ್ಲಿ ಯಾರಾದರೂ ಅಡ್ಡ ಬಂದರೆ ಅವರು ಬದುಕಿಕೊಳ್ಳುತ್ತಿದ್ದರು, ಹೆಂಡತಿ ಬೆಳಿಗ್ಗೆ ಕುಂಟುತ್ತಿದ್ದಳು.

"ರೀ, ಇದರ ಕೆಳಗೆ ನಾನೂ ಒಂದು ಸೇರಿಸಲಾ?"

"ಏನು?"

"ಕಾರು ಓಡಿಸೋದು. ನಮ್ಮಕ್ಕನ ಮನೆಗೆ ನಾನೇ ಓಡಿಸ್ಕೊಂಡು ಹೋಗಬೇಕು. ನನಗೆ ಬೇಕಾದಾಗ ಹೊರಡಬೇಕು, ಮಾತು ಮುಗಿದ ಮೇಲೆ ಬರಬೇಕು."

"ಇದು ನನ್ನ ಪಟ್ಟಿ," ಎಂದರು ಮೇಷ್ಟ್ರು. "ಅಲ್ಲದೆ ನಿನಗ್ಯಾಕೆ ಕಾರು? ನಾನಿಲ್ವಾ?"

ಮೇಷ್ಟ್ರು ಇದ್ದರು, ಅದೇ ತೊಂದರೆ. ಅಕ್ಕನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಮೇಷ್ಟ್ರು ಎರಡು ಪಾಠಗಳ ನಡುವೆ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದು, ತಾವು ಗೇಟಿನ ಹೊರಗೇ ಕೂತು, ಟೀ ಕಪ್ಪು ಅವಳ ಕೈಗೆ ಬರುವ ಹೊತ್ತಿಗೆ ಹಾರ್ನ್ ಹೊಡೆಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅಕ್ಕತಂಗಿಯರು ಶುರು ಮಾಡಿದ ಒಂದು ಮಾತೂ ಮುಗಿದಿರಲಿಲ್ಲ. ಹಾಗೆಂದು ಮೇಷ್ಟ್ರು ಅವಳಿಗೆ ಕಲಿಸಲು ಪ್ರಯತ್ನಿಸಲಿಲ್ಲ ಎಂದಲ್ಲ. ಹಿಂದೊಮ್ಮೆ ಕಲಿಸಿದ್ದರು, ಮನೆಯಿಂದ ಬೀದಿಯ ಕೊನೆಯವರೆಗೆ. ಅಷ್ಟರಲ್ಲಿ ಅವರು ಒತ್ತಿದ ಬ್ರೇಕುಗಳಿಂದಾಗಿ ಪಕ್ಕದಲ್ಲಿ ನಡೆದು ಬರುತ್ತಿದ್ದ ನಾಯಿಯೊಂದು ಕಾರನ್ನು ಹಿಂದೆ ಹಾಕಿ ಹೋಗಿತ್ತು. ಹೆಂಡತಿ ಇಳಿದು, "ಕಾರಿಗೆ ಎರಡೆರಡು ಬ್ರೇಕ್ ಇಟ್ಕೊಂಡಿದ್ದೀರಿ, ಬಾಯಿಗೆ ಒಂದಾದ್ರೂ ಹಾಕಿಸ್ಕೊಳ್ಳಿ," ಎಂದು ಹೇಳಿ ನಡೆದೇ ಮನೆಗೆ ಹೋಗಿದ್ದಳು. ಅಂದಿನಿಂದ ಆ ಮಾತು ಎದ್ದಿರಲಿಲ್ಲ. ಈಗ ಎದ್ದ ಮಾತೂ ಅಲ್ಲಿಗೇ ನಿಂತಿತು. ಅವಳು ಸುಮ್ಮನೆ ಒಳಗೆ ಹೋದಳು. ಹೆಂಡತಿ ಸುಮ್ಮನಾದಾಗ ಎಚ್ಚರ ವಹಿಸಬೇಕು ಎಂಬುದು ಮೇಷ್ಟ್ರು ಕಲಿಸುವ ಪಾಠಗಳಲ್ಲಿ ಇರಲಿಲ್ಲ.

ಪಟ್ಟಿಯ ಕೆಲಸ ಶುರುವಾಯಿತು. ಉಯ್ಯಾಲೆಯಲ್ಲಿ ಮೇಷ್ಟ್ರು ಕೂತದ್ದೇನೋ ಹೌದು. ಅದು ಮುಂದಕ್ಕೆ ಹೋದಾಗಲೆಲ್ಲ ಬಲಗಾಲು ತಾನಾಗಿ ನೆಲಕ್ಕೆ ಒತ್ತಿಕೊಂಡು ಉಯ್ಯಾಲೆ ನಿಂತುಬಿಡುತ್ತಿತ್ತು. ಸಾಲಿನಲ್ಲಿ ಕಾಯುತ್ತಿದ್ದ ಮಕ್ಕಳು, "ಅಜ್ಜ, ಆಡಿ, ಇಲ್ಲ ಇಳೀರಿ," ಎಂದವು. ಮೀಸೆ ಹೋಯಿತು. ಮನೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಕಡೆಗೆ ಕಾಲೇಜಿಗೆ ಹೋಗುವ ಮಗಳು ಊಟದ ನಡುವೆ ಮುಖವನ್ನೇ ದಿಟ್ಟಿಸಿ ನೋಡಿ, "ಅಪ್ಪ, ಕನ್ನಡಕ ಬದಲಾಯಿಸಿದ್ಯಾ?" ಎಂದಳು. ಅಡುಗೆಯನ್ನು ಮೇಷ್ಟ್ರೇ ಸ್ವತಃ ಮಾಡಿದರು. ಹೆಂಡತಿ ಪಕ್ಕದಲ್ಲಿ ನಿಂತು ಸಾಮಾನು ಹುಡುಕಿ ಕೊಟ್ಟಳು, ತರಕಾರಿ ಹೆಚ್ಚಿದಳು, ಉಪ್ಪು ನೋಡಿದಳು, ಒಲೆ ಆರಿಸಿದಳು, ಅಷ್ಟೆ. ಮೂರಕ್ಕೂ ಗುರುತು ಬಿತ್ತು. ಬುದ್ಧಿ ಹೇಳದೆ ಇರುವ ವ್ರತ ಮಾತ್ರ ಪ್ರತಿದಿನ ಕಾಫಿಗೆ ಮೊದಲೇ ಮುರಿಯುತ್ತಿತ್ತು. ಹಾಲಿನವನು ಸೈಕಲ್ಲನ್ನು ಗೋಡೆಗೆ ಒರಗಿಸುವ ರೀತಿ ಸರಿ ಇರಲಿಲ್ಲ, ಏನು ಮಾಡುವುದು.

ಆದರೆ ಅಡಿಗೆರೆ ಎಳೆದ ಆ ಕೊನೆಯ ಆಸೆ ಕೈಗೆ ಎಟುಕಲೇ ಇಲ್ಲ. ಹಿಂದಿನ ಸೀಟೂ ಸಿಕ್ಕಿತು, ಕಾರೂ ಸಿಕ್ಕಿತು. ಓಡಿಸುವವನು ಸಿಗಬೇಕಲ್ಲ. ಊರಿನಲ್ಲಿ ಸ್ಟೀರಿಂಗ್ ಹಿಡಿದವರೆಲ್ಲ ಮೇಷ್ಟ್ರ ಶಿಷ್ಯರೇ, ಮತ್ತು ಯಾವ ಶಿಷ್ಯನ ಯಾವ ದೋಷ ಕಡೆಯವರೆಗೂ ತಿದ್ದಲಾಗಲಿಲ್ಲ ಎಂಬುದು ಮೇಷ್ಟ್ರಿಗೆ ಬಾಯಿಪಾಠ. ಬಾಮೈದ ಓಡಿಸಿದ, ಅವನು ಎಡಕ್ಕೆ ತಿರುಗುವಾಗ ಬಲಕ್ಕೆ ನೋಡುವವನು, ಮೇಷ್ಟ್ರು ದಾರಿಯುದ್ದಕ್ಕೂ ಅವನ ಬದಲು ಎಡಕ್ಕೆ ನೋಡಿದರು. ಟ್ಯಾಕ್ಸಿ ಹತ್ತಿ ಕಣ್ಣು ಮುಚ್ಚಿದರೆ ಡ್ರೈವರ್ ಪೂರ್ತಿ ಹಿಂದಕ್ಕೆ ತಿರುಗಿ, "ಏನ್ ಸಾರ್, ಗುರುತು ಸಿಗಲಿಲ್ವಾ?" ಎಂದ. ಸಿಕ್ಕಿತು. ರಿವರ್ಸ್ ಪರೀಕ್ಷೆಯಲ್ಲಿ ದೀಪದ ಕಂಬ ಕೆಡವಿದವನು. ಮೇಷ್ಟ್ರು ಮುಂದಿನ ಮೂಲೆಯಲ್ಲೇ ಇಳಿದುಕೊಂಡರು. ಆಂಬುಲೆನ್ಸ್ ಓಡಿಸುವವನು ಹಾರ್ನ್ ಹೊಡೆಯಲು ನಾಚಿಕೊಳ್ಳುತ್ತಿದ್ದ ಶಿಷ್ಯ. ಆದ್ದರಿಂದ ಮೇಷ್ಟ್ರು ಕಾಯಿಲೆ ಬೀಳದಂತೆಯೂ ಎಚ್ಚರವಾಗಿದ್ದರು.

"ಮಾಡಿದ್ದುಣ್ಣೋ ಮಹಾರಾಯ," ಎಂದಳು ಹೆಂಡತಿ. ಆಮೇಲೆ ಬಡಿಸುತ್ತಲೇ, ಉಪ್ಪು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು: "ಅಂದಹಾಗೆ, ನಾನು ಎದುರು ಬೀದಿ ಮೇಡಂ ಹತ್ರ ಕಾರು ಕಲಿಯೋಕೆ ಸೇರ್ಕೊಂಡಿದ್ದೀನಿ."

ಮೇಷ್ಟ್ರ ಬಲಗಾಲು ಊಟದ ಮೇಜಿನ ಕಾಲನ್ನು ಬಲವಾಗಿ ಒತ್ತಿತು. ಎದುರು ಬೀದಿಯ ಮೇಡಂ ಎಂದರೆ ಇತ್ತೀಚೆಗೆ ಡ್ರೈವಿಂಗ್ ಸ್ಕೂಲ್ ತೆರೆದ ಹೆಂಗಸು. ಪ್ರತಿಸ್ಪರ್ಧಿ ಎಂಬುದನ್ನು ಮೇಷ್ಟ್ರು ಹೇಗೋ ಸಹಿಸಿಯಾರು. ಆಕೆ ಪಕ್ಕದ ಸೀಟಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಾಳೆ ಎಂಬುದನ್ನು ಸಹಿಸಲಾರದಾಗಿದ್ದರು.

"ಹೆಣೀತಾ ಕೂತ್ರೆ ಬ್ರೇಕ್ ಯಾವಾಗ ಒತ್ತುತ್ತಾಳೆ ಅವಳು?"

"ಒತ್ತಲ್ಲ. ಸ್ವೆಟರ್ ಮಡಿಲಿಗೆ ಇಳಿಸಿದ್ರೆ ಸಾಕು, ನಾವೇ ನಿಲ್ಲಿಸ್ತೀವಿ."

"ನನ್ನ ಹೆಂಡತಿ ಹೋಗಿ ಅವಳ ಹತ್ರ ಕಲಿಯೋದಾ? ಊರು ಏನನ್ನುತ್ತೆ?"

"ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೆ. ಇನ್ನೊಂಚೂರು ಹಾಕಲಾ?"

ಮೇಷ್ಟ್ರಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಸ್ವಲ್ಪ ನೋವೂ ಇತ್ತು, ಆದರೆ ಅದು ಊಟದ ಜೊತೆ ಇಳಿದುಹೋಯಿತು. ಪರೀಕ್ಷೆಯ ದಿನ ತಾವೂ ಬರುವುದಾಗಿ ಘೋಷಿಸಿದರು. ಹಿಂದಿನ ಸೀಟಿನಲ್ಲಿ ಕೂತು, ಮೈದಾನ ತಲುಪುವುದರೊಳಗೆ ಹೆಂಡತಿಯ ತಪ್ಪುಗಳನ್ನೆಲ್ಲ ಎಣಿಸಿ ಮೇಡಂ ಮುಂದೆ ರಾಶಿ ಹಾಕುವುದು ಅವರ ಸಂಕಲ್ಪ. "ಬನ್ನಿ," ಎಂದಳು ಹೆಂಡತಿ. "ಆದ್ರೆ ತಪ್ಪು ಆದ ಮೇಲೆ ಹೇಳಿ, ಆಗೋಕೆ ಮುಂಚೆ ಹೇಳಬೇಡಿ."

ಹೊರಟರು. ಸ್ಟೀರಿಂಗ್ ಹಿಡಿದು ಹೆಂಡತಿ, ಪಕ್ಕದಲ್ಲಿ ಹೆಣಿಗೆಯ ಕಡ್ಡಿ ಹಿಡಿದು ಮೇಡಂ, ಹಿಂದೆ ಹದ್ದಿನ ಕಣ್ಣು ಬಿಟ್ಟುಕೊಂಡು ಮೇಷ್ಟ್ರು. ಮೊದಲ ತಿರುವು ಬಂತು. "ನಿಧಾನ" ಎನ್ನಲು ಮೇಷ್ಟ್ರು ಉಸಿರು ತುಂಬಿಕೊಂಡರು; ಅಷ್ಟರಲ್ಲಿ ಕಾರು ನಿಧಾನವಾಗಿತ್ತು. ಶಾಲೆಯ ಗೇಟು ಬಂತು, ಮತ್ತೆ ಉಸಿರು ತುಂಬಿಕೊಂಡರು. ಕಾರು ಆಗಲೇ ನಿಂತು ಮಕ್ಕಳನ್ನು ದಾಟಿಸುತ್ತಿತ್ತು. ಎಣಿಸಲು ಮಡಚಿಕೊಂಡಿದ್ದ ಬೆರಳು ಹಾಗೇ ಇತ್ತು. ಈ ಡ್ರೈವರಿನ ದೋಷ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ದೋಷಕ್ಕೆ ಕಾಯುವುದು ಹೇಗೆ ಎಂದೂ ಗೊತ್ತಿರಲಿಲ್ಲ. ಕಿಟಕಿಯಿಂದ ಎಳೆಬಿಸಿಲು ತೊಡೆಯ ಮೇಲೆ ಬೀಳುತ್ತಿತ್ತು, ಮೇಡಂ ಕೈಯಲ್ಲಿ ಕಡ್ಡಿಗಳು ಟಿಕಟಿಕ ಎನ್ನುತ್ತಿದ್ದವು.

ಇಲ್ಲಿಂದ ಮುಂದೆ ನಡೆದದ್ದು ಮೇಷ್ಟ್ರಿಗೆ ಗೊತ್ತಿಲ್ಲ. ಆದ್ದರಿಂದ ಕಂಡವರು ಹೇಳಿದ ಹಾಗೆ ಹೇಳಬೇಕಾಗಿದೆ.

ಮೈದಾನದಲ್ಲಿ ಮೇಡಂ ಇಳಿದಳು, ಅವಳ ಜಾಗದಲ್ಲಿ ಇನ್‌ಸ್ಪೆಕ್ಟರ್ ಹತ್ತಿ ಕೂತರು. ಇನ್‌ಸ್ಪೆಕ್ಟರಿಗೆ ಮೇಷ್ಟ್ರು ಹಳೆಯ ಪರಿಚಯ. ಶಿಷ್ಯರ ಪರೀಕ್ಷೆ ನಡೆಯುವಾಗಲೆಲ್ಲ ಮೇಷ್ಟ್ರು ಬೇಲಿಯ ಪಕ್ಕ ನಿಂತು ನೆಲವನ್ನು ಬಲಗಾಲಿನಿಂದ ಒತ್ತುವುದನ್ನು ವರ್ಷಗಳಿಂದ ನೋಡಿದವರು. (ಆ ಜಾಗದಲ್ಲಿ ಈಗ ಹುಲ್ಲು ಬೆಳೆಯುವುದಿಲ್ಲ.) ಅವರು ಹಿಂದಕ್ಕೆ ತಿರುಗಿ ನೋಡಿ ಗಾಬರಿಯಾದರು.

"ಏನಮ್ಮ, ಮೇಷ್ಟ್ರಿಗೆ ಏನಾಯ್ತು?"

"ಏನಿಲ್ಲ ಸಾರ್. ನಿದ್ದೆ."

"ನಿದ್ದೆ? ಕಾರು ಓಡ್ತಿರುವಾಗ? ಯಾವಾಗಿಂದ?"

"ಶಾಲೆ ದಾಟಿದ ಮೇಲೆ ಮಾತೇ ಇಲ್ಲ ಸಾರ್. ಎಬ್ಬಿಸಲಾ?"

"ಬೇಡ, ಬೇಡ. ಹಾಗೇ ನಡೀರಿ."

ಕಾರು ಮೈದಾನ ಸುತ್ತಿತು, ದಿಬ್ಬದ ಮೇಲೆ ನಿಂತು ಮತ್ತೆ ಹೊರಟಿತು, ಕಂಬಗಳ ನಡುವೆ ಹಿಂದಕ್ಕೆ ಸರಿದು ಒಳಸೇರಿತು. ಗೊರಕೆಯ ಲಯ ಎಲ್ಲೂ ತಪ್ಪಲಿಲ್ಲ. ಇನ್‌ಸ್ಪೆಕ್ಟರ್ ರಸ್ತೆ ನೋಡುವುದನ್ನು ಬಿಟ್ಟು ಮೇಷ್ಟ್ರನ್ನೇ ನೋಡುತ್ತ ಕೂತಿದ್ದರಂತೆ. ಕಡೆಗೆ ಪೆನ್ನು ತೆಗೆದು, "ನಾನು ಓಡಿಸಿದ್ರೂ ಈ ಮನುಷ್ಯ ರೆಪ್ಪೆ ಮುಚ್ಚಿದವರಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ನಮ್ಮ ಇಲಾಖೇಲಿ ಇಲ್ಲ. ಪಾಸು," ಎಂದರಂತೆ.

ಮೇಷ್ಟ್ರಿಗೆ ಎಚ್ಚರವಾದಾಗ ಕಾರು ಮರದ ನೆರಳಿನಲ್ಲಿ ನಿಂತಿತ್ತು. ಮುಂದಿನ ಎರಡೂ ಸೀಟು ಖಾಲಿ. ಹೊರಗೆ ನೋಡಿದರೆ ಸಾಕ್ಷಾತ್ ಹೆಂಡತಿಯ ಅಕ್ಕನ ಮನೆ. ಸಂಜೆವರೆಗೂ ಇಟ್ಟುಕೊಳ್ಳಿ ಎಂದು ಮೇಡಂ ಕಾರು ಕೊಟ್ಟು ಹೋಗಿದ್ದಳು, ಹೆಂಡತಿ ಒಬ್ಬಳೇ ಊರು ದಾಟಿಸಿ ತಂದಿದ್ದಳು. ಅಭ್ಯಾಸಬಲ ನೋಡಿ, ಮೇಷ್ಟ್ರ ಕೈ ಮೊದಲು ಹೋದದ್ದು ಮುಂದಕ್ಕೆ ಬಾಗಿ ಹಾರ್ನ್ ಒತ್ತಲು. ಅಷ್ಟರಲ್ಲಿ ಮನೆಯೊಳಗಿಂದ ಅಕ್ಕತಂಗಿಯರು ನಗುವುದು ಕೇಳಿಸಿತು. ಉಸಿರು ಕಟ್ಟಿ, ತಡೆದು, ಮತ್ತೆ ಶುರುವಾಗುವ ನಗು. ಹೆಂಡತಿ ಹೀಗೂ ನಗುತ್ತಾಳೆ ಎಂಬುದು ಮೇಷ್ಟ್ರಿಗೆ ತಿಳಿದಿರಲಿಲ್ಲ. ಈ ಗೇಟಿನ ಹೊರಗೆ ಅವರು ಕೇಳಿಸಿಕೊಂಡದ್ದು ತಮ್ಮ ಹಾರ್ನನ್ನು ಮಾತ್ರ. ಅವರಿಗೆ ನಾಚಿಕೆಯಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು, ಮಾತು ಮುಗಿಯುವವರೆಗೆ ಅಲ್ಲೇ ಕೂತರು. ಮಾತು ಮುಗಿಯಲು ಸಂಜೆಯಾಯಿತು.

ಮನೆಗೆ ಬಂದ ಮೇಲೆ ಮಗಳು ಪಟ್ಟಿಯ ಕೊನೆಯ ಸಾಲಿಗೆ ಗುರುತು ಹಾಕಿದಳು. ಬುದ್ಧಿ ಹೇಳದೆ ಇರುವ ಸಾಲಿಗೂ ಹಾಕಿದಳು, ಯಾಕೆಂದರೆ ಅಪ್ಪ ಇಡೀ ದಿನ ಒಂದು ಮಾತೂ ಆಡಿರಲಿಲ್ಲ. ಅದರ ಕೆಳಗೆ ಹೆಂಡತಿ ತನ್ನ ಸಾಲನ್ನು ಬರೆದು ತಾನೇ ಗುರುತು ಹಾಕಿಕೊಂಡಳು. ಈ ಸಲ ಇದು ನನ್ನ ಪಟ್ಟಿ ಎಂದು ಯಾರೂ ಹೇಳಲಿಲ್ಲ.

"ಹೇಗಿತ್ತೇ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಏನು?"

"ನನ್ನ ನಿದ್ದೆ. ಎಲ್ಲರೂ ನೋಡಿದ್ದೀರಿ. ನಾನೊಬ್ಬ ನೋಡಲಿಲ್ಲ."

ಬದುಕಿನ ಮಹದಾಸೆ ಈಡೇರುವಾಗ ತಾವೇ ಹಾಜರಿರಲಿಲ್ಲ ಎಂಬ ಈ ಕೊರಗು ಅವರಿಗೆ ಇನ್ನೂ ಇರುತ್ತಿತ್ತೋ ಏನೋ, ಅಷ್ಟರಲ್ಲಿ ಅದಕ್ಕಿಂತ ದೊಡ್ಡದು ಬಂತು. ಎದುರು ಬೀದಿಯ ಸ್ಕೂಲಿನ ಬೋರ್ಡಿನ ಮೇಲೆ ಒಂದು ಫೋಟೋ ಕಾಣಿಸಿಕೊಂಡಿತು. ಮೈದಾನದಲ್ಲಿ ತೆಗೆದದ್ದು: ಹಿಂದಿನ ಸೀಟು, ವಾಲಿದ ಕತ್ತು, ಮೀಸೆಯಿಲ್ಲದ ಪ್ರಶಾಂತ ಮುಖ. ಅದರ ಕೆಳಗೆ, "ನಮ್ಮಲ್ಲಿ ಕಲಿತವರು ಓಡಿಸಿದರೆ ಬ್ರೇಕ್ ಮೇಷ್ಟ್ರಿಗೂ ನಿದ್ದೆ ಬರುತ್ತದೆ." ಮೊದಲು ಆ ಕಡೆ ಸೇರಿಕೊಂಡವಳು, ಪಟ್ಟಿ ಮಾಡಿ ಎಂದಿದ್ದ ನರ್ಸು.

ಮೇಷ್ಟ್ರು ಹೋಗಿ ನಿಂತರು. "ತೆಗೀರಿ ಅದನ್ನ. ಅವತ್ತು ನನಗೆ ನೆಗಡಿ ಆಗಿತ್ತು, ಮಾತ್ರೆ ತಗೊಂಡಿದ್ದೆ. ಇಲ್ಲದಿದ್ರೆ ನಾನು ಕಾರಲ್ಲಿ ನಿದ್ದೆ ಮಾಡೋ ಜಾಯಮಾನದವನಲ್ಲ."

ಮೇಡಂ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಆಯ್ತು ಮೇಷ್ಟ್ರೇ. ನಾಳೆ ನಿಮ್ಮ ಮನೆಯವರೇ ಓಡಿಸಲಿ, ನೀವು ಹಿಂದೆ ಕೂತ್ಕೊಳ್ಳಿ. ಎಚ್ಚರವಾಗಿರೋ ಫೋಟೋ ತೆಗೆದು ನಾನೇ ಬೋರ್ಡಿಗೆ ಹಾಕ್ತೀನಿ."

ನ್ಯಾಯವಾದ ಮಾತು. ಮರುದಿನ ಮೇಷ್ಟ್ರು ಚೆನ್ನಾಗಿ ನಿದ್ದೆ ಮಾಡಿ ಎದ್ದು, ಮುಖಕ್ಕೆ ತಣ್ಣೀರು ಚಿಮುಕಿಸಿಕೊಂಡು, ಎರಡು ಲೋಟ ಕಡಕ್ ಕಾಫಿ ಕುಡಿದು, ಬೆನ್ನು ನೆಟ್ಟಗೆ ಮಾಡಿ ಹಿಂದಿನ ಸೀಟಿನಲ್ಲಿ ಕೂತರು. ಹೆಂಡತಿ ಕಾರು ಹೊರಡಿಸಿದಳು.

ಈಗ ಆ ಬೋರ್ಡಿನ ಮೇಲೆ ಎರಡು ಫೋಟೋಗಳಿವೆ. ಎರಡನೆಯದರಲ್ಲಿ ಬಾಯಿಯೂ ತೆರೆದಿದೆ.